ಕಾಲೇಜಿನ ಪ್ರಾಜೆಕ್ಟಿಗೂ ಹಂಗಾಮು ಇದೆ

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾಲ್ವರು ವಿದ್ಯಾರ್ಥಿಗಳು ಬಾಳ್ಳುಪೇಟೆಯಲ್ಲಿ ಬಸ್ಸಿಳಿದು ನಮ್ಮ ತೋಟಕ್ಕೆ ನಡೆದು ಬಂದರು. ಅವರಲ್ಲೊಬ್ಬಳು ನಮ್ಮ ನೆರೆಯ ಎರಡು ಎಕರೆ ಬೆಳೆಗಾರರ ಮಗಳು. ಇಂಜಿನಿಯರಿಂಗ್ ಕಡೆಯ ವರ್ಷದಲ್ಲಿ ಓದುತ್ತಿದ್ದಳು. ಕೈಯಲ್ಲಿ ಬಿಸ್ಕತ್ತಿನ ಡಬ್ಬದಷ್ಟು ದೊಡ್ಡ ಪೆಟ್ಟಿಗೆ, ಅದರ ಮೇಲೊಂದು ಸಣ್ಣ ಪರದೆ, ಒಳಗೆ ಒಂದು ಲೋಟ. ಲೋಟಕ್ಕೆ ಕಾಫಿ ಸುರಿದರೆ ಅದರಲ್ಲಿ ಶೇಕಡಾ ಎಷ್ಟು ತೇವವಿದೆ ಎಂಬ ಅಂಕಿ ಪರದೆಯ ಮೇಲೆ ಮೂಡುತ್ತಿತ್ತು. ಬರುವ ತಿಂಗಳು ಪ್ರಾಜೆಕ್ಟ್ ಸ್ಪರ್ಧೆಯಿದೆ, ಅಷ್ಟರೊಳಗೆ ಇದನ್ನು ಪರೀಕ್ಷಿಸಬೇಕು ಎಂದರು.

“ದೊಡ್ಡಪ್ಪ, ಒಣಗ್ತಾ ಇರೋ ಕಾಫಿ ಸ್ವಲ್ಪ ಬೇಕಿತ್ತು” ಎಂದಳು ಹುಡುಗಿ.

ಏಪ್ರಿಲ್‌ನಲ್ಲಿ ಒಣಗುವ ಕಾಫಿ ಎಲ್ಲಿಂದ ಬರಬೇಕು? ಕಣ ಗುಡಿಸಿ ತಿಂಗಳಾಗಿತ್ತು. ಗೋದಾಮಿನಲ್ಲಿ ಉಳಿದಿದ್ದ ಎರಡು ಮೂಟೆ ರೊಬಸ್ಟಾ ಚೆರಿಯನ್ನು ಬಿಚ್ಚಿ ಕೊಟ್ಟೆ. ಅವರು ಇಪ್ಪತ್ತು ಸಲ ಅಳೆದರು. ಅಂಕಿಗಳೆಲ್ಲ ಹತ್ತು ಹನ್ನೊಂದರ ಆಸುಪಾಸಿನಲ್ಲೇ ಬಂದವು. ಮಕ್ಕಳಿಗೆ ಬಹಳ ಸಂತೋಷವಾಯಿತು. ಕಾಫಿ ಕುಡಿದು, ಸಂಜೆಯ ಬಸ್ಸಿಗೆ ಹೊರಟುಹೋದರು.

ಸ್ಪರ್ಧೆಯ ದಿನ ತೀರ್ಪುಗಾರರು ಒಂದೇ ಒಂದು ಪ್ರಶ್ನೆ ಕೇಳಿದರಂತೆ: “ಶೇಕಡಾ ಹದಿನಾಲ್ಕು ತೇವವಿರುವ ಕಾಫಿಯನ್ನು ನಿಮ್ಮ ಉಪಕರಣ ಹದಿನಾಲ್ಕು ಎಂದೇ ತೋರಿಸುತ್ತದೆಯೇ?” ಮಕ್ಕಳು ಒದ್ದೆ ಕಾಫಿಯನ್ನು ಅಳೆದೇ ಇರಲಿಲ್ಲ. ಅವರ ಬಳಿ ಉತ್ತರವಿರಲಿಲ್ಲ. ಒಂದು ವರ್ಷದ ದುಡಿಮೆ, ಮನೆಯಿಂದ ತಂದ ಹಣ, ರಾತ್ರಿಯ ನಿದ್ದೆ ಎಲ್ಲವೂ ಆ ಒಂದು ಪ್ರಶ್ನೆಯ ಮುಂದೆ ನಿಂತುಹೋಯಿತು.

ಹುಡುಗಿ ಫೋನಿನಲ್ಲಿ ಇದನ್ನು ಹೇಳುವಾಗ ನನ್ನನ್ನು ದೂರಲಿಲ್ಲ. ದೂರಬಹುದಾಗಿತ್ತು. ಏಕೆಂದರೆ ಆಕೆ ಡಿಸೆಂಬರ್‌ನಲ್ಲೇ ಬರುತ್ತೇನೆಂದು ಕೇಳಿದ್ದಳು. “ಈಗ ಕೊಯ್ಲಿನ ಗಡಿಬಿಡಿ, ಆಳು ಸಿಕ್ತಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಬಾರವ್ವ” ಎಂದವನು ನಾನೇ. ಈ ಲೇಖನ ಬರೆಯಲು ಅದೇ ಕಾರಣ.

ಎರಡು ಪಂಚಾಂಗ

ನಮ್ಮ ಮಕ್ಕಳಲ್ಲಿ ಅನೇಕರು ಇಂದು ಹಾಸನ, ಮೈಸೂರು, ಮಂಗಳೂರು, ಬೆಂಗಳೂರುಗಳಲ್ಲಿ ಇಂಜಿನಿಯರಿಂಗ್, ಡಿಪ್ಲೊಮಾ, ಕೃಷಿ ಪದವಿ ಓದುತ್ತಿದ್ದಾರೆ. ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1960ರಲ್ಲಿ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಬಹುಮಟ್ಟಿಗೆ ಅದರಡಿಗೆ ಬಂದವು. ಈ ಎಲ್ಲ ಕಾಲೇಜುಗಳಲ್ಲಿ ಕಡೆಯ ವರ್ಷದ ವಿದ್ಯಾರ್ಥಿಗಳು ಒಂದು ಪ್ರಾಜೆಕ್ಟ್ ಮಾಡಲೇಬೇಕು. ಅದರಲ್ಲಿ ಒಳ್ಳೆಯವು ಸ್ಪರ್ಧೆಗಳಿಗೆ ಹೋಗುತ್ತವೆ.

ಕಾಲೇಜಿನ ಪಂಚಾಂಗದಂತೆ ವಿಷಯದ ಆಯ್ಕೆ ವರ್ಷದ ಮೊದಲರ್ಧದಲ್ಲಿ, ಯಂತ್ರ ಕಟ್ಟುವ ಕೆಲಸ ಎರಡನೆಯ ಅರ್ಧದಲ್ಲಿ, ಪರೀಕ್ಷೆ ಮಾಡುವುದು ಕಟ್ಟಕಡೆಗೆ. ಸಾಮಾನ್ಯವಾಗಿ ಆ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ತೋಟದ ಪಂಚಾಂಗ ಬೇರೆ. ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ಅಡಿಕೆಯ ಕೊಳೆರೋಗ ನೋಡಬೇಕಾದರೆ ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ತೋಟಕ್ಕಿಳಿಯಬೇಕು. ಹೂಮಳೆಯ ಲೆಕ್ಕವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೇ ಇಡಬೇಕು.

ಈ ಎರಡು ಪಂಚಾಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ವಿದ್ಯಾರ್ಥಿಯ ಯಂತ್ರ ಸಿದ್ಧವಾಗುವ ಹೊತ್ತಿಗೆ ಕಣದಲ್ಲಿ ಕಾಫಿ ಇರುವುದಿಲ್ಲ, ಮರದಲ್ಲಿ ಕೊನೆ ಇರುವುದಿಲ್ಲ, ತೋಟದಲ್ಲಿ ಕೊಳೆ ಇರುವುದಿಲ್ಲ. ಆದ್ದರಿಂದ ಯಂತ್ರವನ್ನು ಮೇಜಿನ ಮೇಲೆ ಪರೀಕ್ಷಿಸುತ್ತಾರೆ, ಪ್ರದರ್ಶನದಲ್ಲಿಡುತ್ತಾರೆ, ಆಮೇಲೆ ಅದು ಕಾಲೇಜಿನ ಮೂಲೆ ಸೇರುತ್ತದೆ. ನಮ್ಮ ಕಡೆಯ ಪ್ರಾಜೆಕ್ಟುಗಳು ಸೋಲುವುದು ಬಹಳ ಸಲ ಮಕ್ಕಳ ಬುದ್ಧಿಯ ಕೊರತೆಯಿಂದಲ್ಲ, ಹಂಗಾಮು ತಪ್ಪಿದ್ದರಿಂದ. ಹಂಗಾಮು ತಪ್ಪದಂತೆ ನೋಡಿಕೊಳ್ಳುವುದು ಕಾಲೇಜಿನ ಕೈಯಲ್ಲಿ ಪೂರ್ತಿ ಇಲ್ಲ. ಬಹುಪಾಲು ನಮ್ಮ ಕೈಯಲ್ಲಿದೆ.

ನಮ್ಮ ರಾಜ್ಯದ ಏರ್ಪಾಡು

ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವಾಗುವ ಒಂದು ಹಳೆಯ ಏರ್ಪಾಡು ಕರ್ನಾಟಕದಲ್ಲಿದೆ ಎಂಬುದು ನಮ್ಮ ಎಷ್ಟೋ ಸದಸ್ಯರಿಗೆ ತಿಳಿದಂತಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1975ರಲ್ಲಿ ಸ್ಥಾಪನೆಯಾಯಿತು. ಇದರ ಕಚೇರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಈ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ. ಕಾಲೇಜಿನ ಮೂಲಕ ಪ್ರಸ್ತಾವನೆ ಕಳುಹಿಸಬೇಕು. ಆಯ್ಕೆಯಾದವುಗಳಿಗೆ ಒಂದಷ್ಟು ಹಣದ ನೆರವು ಸಿಗುತ್ತದೆ. ಕೆಲಸ ನಡೆಯುವಾಗ ತಜ್ಞರು ಪರಿಶೀಲಿಸುತ್ತಾರೆ. ಕಡೆಗೆ ಆಯ್ದ ಪ್ರಾಜೆಕ್ಟುಗಳ ರಾಜ್ಯಮಟ್ಟದ ವಿಚಾರಗೋಷ್ಠಿ ಮತ್ತು ಪ್ರದರ್ಶನ ನಡೆದು ಉತ್ತಮವಾದವಕ್ಕೆ ಬಹುಮಾನ ಕೊಡಲಾಗುತ್ತದೆ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಕಡೆಯ ವರ್ಷಕ್ಕೆ ಕಾಲಿಟ್ಟ ಕೂಡಲೇ ಕಾಲೇಜಿನಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇದಲ್ಲದೆ 2017ರಿಂದ ದೇಶದ ಮಟ್ಟದಲ್ಲಿ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಎಂಬ ಸ್ಪರ್ಧೆಯೂ ನಡೆಯುತ್ತಿದೆ.

ಹಳ್ಳಿಗೆ ಉಪಯೋಗವಾಗುವ ಯಂತ್ರವನ್ನು ಹೇಗೆ ಮಾಡಬೇಕು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಆರಂಭವಾಯಿತು. ಅದರ ವಿಜ್ಞಾನಿಗಳು ಬೆಂಗಳೂರಿನಲ್ಲೇ ಕುಳಿತು ಯಂತ್ರ ಮಾಡಲಿಲ್ಲ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರವನ್ನು ತೆರೆದು, ಹಳ್ಳಿಯ ಮನೆಗಳಲ್ಲಿ ಅಡಿಗೆಗೆ ಎಷ್ಟು ಸೌದೆ ಬೇಕು, ಅದನ್ನು ತರಲು ಎಷ್ಟು ಹೊತ್ತು ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಹಳ್ಳಿಯ ಇಂಧನದಲ್ಲಿ ಬಹುಪಾಲು ಒಲೆಗೇ ಹೋಗುತ್ತದೆ ಎಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಹೀಗೆ ಬಂದದ್ದೇ ನಮ್ಮ ತಾಯಂದಿರಲ್ಲಿ ಅನೇಕರು ಬಳಸಿದ ಅಸ್ತ್ರ ಒಲೆ. ಮೊದಲು ಅಳತೆ, ಆಮೇಲೆ ಯಂತ್ರ. ಸ್ಪರ್ಧೆಗೆ ಸಿದ್ಧವಾಗುವ ಮಕ್ಕಳು ಈ ಕ್ರಮವನ್ನು ಮರೆಯಬಾರದು.

ವಿಷಯವನ್ನು ಕಿರಿದು ಮಾಡಿಕೊಳ್ಳಿ

ನಮ್ಮಲ್ಲಿಗೆ ಬರುವ ಮಕ್ಕಳು ಸಾಮಾನ್ಯವಾಗಿ ದೊಡ್ಡ ಮಾತಿನಿಂದ ಆರಂಭಿಸುತ್ತಾರೆ. “ತೋಟವನ್ನು ಪೂರ್ತಿ ಫೋನಿನಿಂದಲೇ ನೋಡಿಕೊಳ್ಳುವ ವ್ಯವಸ್ಥೆ ಮಾಡುತ್ತೇವೆ” ಎನ್ನುತ್ತಾರೆ. ಒಂದು ವರ್ಷದಲ್ಲಿ, ನಾಲ್ವರಿಂದ, ಕೈಯಲ್ಲಿರುವ ಹಣದಲ್ಲಿ ಅದು ಆಗುವ ಕೆಲಸವಲ್ಲ. ಬೆಳೆಗಾರರು ಇಲ್ಲಿ ಹಿರಿಯರಾಗಿ ಒಂದು ಉಪಕಾರ ಮಾಡಬಹುದು. ತೋಟದಲ್ಲಿ ನಿಜವಾಗಿಯೂ ನಷ್ಟವಾಗುವ ಒಂದು ಸಣ್ಣ ಜಾಗವನ್ನು ತೋರಿಸಿ, “ಇದೊಂದನ್ನು ಸರಿಮಾಡಿ ಕೊಡಿ” ಎನ್ನಬಹುದು.

ಅಡಿಕೆ ಮರ ಹತ್ತುವ ಕೆಲಸವನ್ನೇ ತೆಗೆದುಕೊಳ್ಳಿ. ಕೊನೆಗಾರರು ಸಿಗುವುದಿಲ್ಲ, ಸಿಕ್ಕರೂ ಮಳೆಗಾಲದಲ್ಲಿ ಜಾರುವ ಮರ ಹತ್ತುವುದು ಪ್ರಾಣದ ಜೊತೆ ಆಟ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಬೈಕು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಸುಮಾರು 28 ಕೆ.ಜಿ. ತೂಕದ, ಪೆಟ್ರೋಲ್ ಇಂಜಿನ್ನಿನ ಆ ಯಂತ್ರ ಒಂದೇ ಕೆಲಸ ಮಾಡುತ್ತದೆ: ಕುಳಿತವನನ್ನು ಮರದ ಮೇಲಕ್ಕೆ ಒಯ್ದು ಕೆಳಗಿಳಿಸುತ್ತದೆ. ಕೃಷಿಕನೇ ಮಾಡಿದ್ದರಿಂದ ಮಾಡುವವನಿಗೆ ಮರದ ಪರಿಚಯವಿತ್ತು. ಇನ್ನೊಂದು ಕಡೆ, ನೆಲದ ಮೇಲೇ ನಿಂತು ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳೂ ಈಚೆಗೆ ಬಳಕೆಗೆ ಬಂದಿವೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ಮತ್ತು ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಸೇರಿ 2023ರಲ್ಲಿ ನಡೆಸಿದಂಥ ಯಂತ್ರಮೇಳಗಳಿಗೆ ವಿದ್ಯಾರ್ಥಿಗಳು ಹೋಗಿ ನೋಡಬೇಕು. ಈಗಾಗಲೇ ಆಗಿರುವುದನ್ನು ನೋಡದೆ ಹೊರಟರೆ ಆದದ್ದನ್ನೇ ಮತ್ತೆ ಮಾಡಿದಂತಾಗುತ್ತದೆ.

ಕೊಳೆರೋಗದ ವಿಷಯವೂ ಹೀಗೆಯೇ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಮೇಲೆ ಪುಸ್ತಿಕೆ ಪ್ರಕಟಿಸಿದ್ದು 1910ರಲ್ಲಿ. ಶೇಕಡಾ ಒಂದರ ಬೋರ್ಡೋ ದ್ರಾವಣ, ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣ, ಇಂದಿಗೂ ನಮ್ಮ ಮುಖ್ಯ ಆಸರೆ. ಮದ್ದು ಗೊತ್ತಿದೆ. ಸಮಸ್ಯೆ ಇರುವುದು ಅದನ್ನು ಮಳೆಯ ಎರಡು ಹೊಳವುಗಳ ನಡುವೆ ಕೊನೆಯ ಮೇಲೆ ಸರಿಯಾಗಿ ಬೀಳುವಂತೆ ಹೊಡೆಯುವುದರಲ್ಲಿ. ಸುಣ್ಣ ಸಾಕಾಯಿತೇ ಎಂದು ಬೇಗ ತಿಳಿಸುವ ಉಪಕರಣ, ಕೆಳಗಿನಿಂದ ಹೊಡೆದ ಔಷಧಿ ಕೊನೆಗೆ ಎಷ್ಟು ತಾಗಿತು ಎಂದು ಅಳೆಯುವ ಕ್ರಮ, ಇಂಥವು ಚಿಕ್ಕವಾದರೂ ನಿಜವಾದ ಪ್ರಾಜೆಕ್ಟುಗಳು.

ಆನೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಆಲೂರು, ಸಕಲೇಶಪುರ ಕಡೆಯ ಮಕ್ಕಳಿಗೆ ಆನೆ ಬಂದರೆ ತಿಳಿಸುವ ಯಂತ್ರ ಮಾಡುವ ಆಸೆ ಸಹಜ. ನಮ್ಮ ನೋವು ಅವರಿಗೆ ಗೊತ್ತು. ಆದರೆ ಯಾವ ವಿದ್ಯಾರ್ಥಿಯನ್ನೂ ಪರೀಕ್ಷೆಯ ಹೆಸರಿನಲ್ಲಿ ಸಂಜೆಯ ನಂತರ ತೋಟದಂಚಿಗೆ ಕಳುಹಿಸಬಾರದು. ಅಂಥ ಕೆಲಸವನ್ನು ಅರಣ್ಯ ಇಲಾಖೆಯವರ ಜೊತೆಗೂಡಿ, ಅವರ ಒಪ್ಪಿಗೆ ಪಡೆದೇ ಮಾಡಬೇಕು.

ಒಂದು ಉದಾಹರಣೆ: ತೇವದ ಲೆಕ್ಕ

ಮೇಲೆ ಹೇಳಿದ ತೇವ ಅಳೆಯುವ ಪೆಟ್ಟಿಗೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಇಂಥ ಪ್ರಾಜೆಕ್ಟನ್ನು ಹೇಗೆ ಸಿದ್ಧಪಡಿಸಬೇಕೆಂದು ನೋಡೋಣ.

ಮೊದಲು ನಷ್ಟದ ಲೆಕ್ಕ. ಪಾರ್ಚ್‌ಮೆಂಟ್ ಶೇಕಡಾ 10ರ ತೇವಕ್ಕೂ ರೊಬಸ್ಟಾ ಚೆರಿ ಶೇಕಡಾ 11ರ ಸುಮಾರಿಗೂ ಒಣಗಬೇಕು ಎಂದು ನಮಗೆಲ್ಲ ಗೊತ್ತು. ಹಿಡಿ ಚೆರಿಯನ್ನು ಕಿವಿಯ ಹತ್ತಿರ ಕುಲುಕಿ ಸದ್ದು ಕೇಳುವುದು, ಬೀಜ ಕಚ್ಚಿ ನೋಡುವುದು ನಮ್ಮ ಹಿರಿಯರ ಕ್ರಮ. ಅನುಭವಸ್ಥರ ಕೈಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಅನುಮಾನ ಬಂದಾಗ ಎಲ್ಲರೂ ಇನ್ನೆರಡು ದಿನ ಬಿಸಿಲಿಗೆ ಬಿಡುತ್ತೇವೆ. 50 ಕೆ.ಜಿ. ಮೂಟೆಯಲ್ಲಿ ಶೇಕಡಾ 11 ತೇವವಿದ್ದರೆ ಒಣ ಪದಾರ್ಥ 44.5 ಕೆ.ಜಿ. ಅದೇ ಕಾಫಿ ಶೇಕಡಾ 9ಕ್ಕೆ ಇಳಿದರೆ ಮೂಟೆಯ ತೂಕ 48.9 ಕೆ.ಜಿ. ಆಗುತ್ತದೆ. ಮೂಟೆಗೆ 1.1 ಕೆ.ಜಿ. ಹೋಯಿತು. ನೂರು ಮೂಟೆ ಇದ್ದವರಿಗೆ 110 ಕೆ.ಜಿ., ಎಂದರೆ ಎರಡು ಮೂಟೆಗಿಂತ ಹೆಚ್ಚು ತೂಕ ಗಾಳಿಗೆ ಹೋದಂತೆ. ಇನ್ನೊಂದು ಪಕ್ಕಕ್ಕೆ ತಪ್ಪಿದರೆ ನಷ್ಟ ಇನ್ನೂ ದೊಡ್ಡದು. ಶೇಕಡಾ 14ರಲ್ಲೇ ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ವ್ಯಾಪಾರಿ ಬೆಲೆ ಮುರಿಯುತ್ತಾನೆ.

ಈ ಲೆಕ್ಕವನ್ನು ವಿದ್ಯಾರ್ಥಿಗಳು ತಮ್ಮ ವರದಿಯ ಮೊದಲ ಪುಟದಲ್ಲಿ ಬರೆಯಬೇಕು. “ಕೃಷಿ ದೇಶದ ಬೆನ್ನೆಲುಬು” ಎಂದು ಆರಂಭವಾಗುವ ವರದಿಗಳನ್ನು ತೀರ್ಪುಗಾರರು ನೂರಾರು ನೋಡಿರುತ್ತಾರೆ. “ಮೂಟೆಗೆ 1.1 ಕೆ.ಜಿ.” ಎಂದು ಆರಂಭವಾದರೆ ಮುಂದಿನ ಪುಟ ತಿರುಗಿಸುತ್ತಾರೆ.

ಇನ್ನು ಉಪಕರಣದ ಗುಟ್ಟು. ಎರಡು ಲೋಹದ ತಗಡುಗಳ ನಡುವೆ ಕಾಫಿ ತುಂಬಿದರೆ, ಅವು ಎಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲವು ಎಂಬುದು ಕಾಫಿಯೊಳಗಿನ ನೀರಿಗೆ ತಕ್ಕಂತೆ ಬದಲಾಗುತ್ತದೆ. ತಗಡುಗಳ ನಡುವೆ ಬರೀ ಗಾಳಿ ಇರುವುದಕ್ಕಿಂತ ನೀರಿದ್ದರೆ ಈ ಶಕ್ತಿ ಸುಮಾರು 80 ಪಟ್ಟು, ಒಣ ಕಾಳಿದ್ದರೆ ಕೆಲವೇ ಪಟ್ಟು. ಈ ಅಂತರವಿರುವುದರಿಂದಲೇ ಸ್ವಲ್ಪ ನೀರು ಹೆಚ್ಚಾದರೂ ಉಪಕರಣಕ್ಕೆ ತಿಳಿಯುತ್ತದೆ. ಆದರೆ ನೀರಲ್ಲದೆ ಬೇರೆ ಸಂಗತಿಗಳೂ ಅಂಕಿಯನ್ನು ಅಲುಗಾಡಿಸುತ್ತವೆ. ಬಿಸಿಲಿನಿಂದ ಆಗತಾನೆ ತಂದ ಬಿಸಿ ಕಾಫಿ ಒಂದು ಅಂಕಿ ತೋರಿಸಿದರೆ ಅದೇ ಕಾಫಿ ಆರಿದ ಮೇಲೆ ಇನ್ನೊಂದು ತೋರಿಸುತ್ತದೆ. ಲೋಟವನ್ನು ತಟ್ಟಿ ತುಂಬಿದರೆ ಒಂದು, ಸಡಿಲವಾಗಿ ಸುರಿದರೆ ಇನ್ನೊಂದು. ಪಾರ್ಚ್‌ಮೆಂಟಿಗೆ ಹೊಂದಿಸಿದ ಉಪಕರಣ ಚೆರಿಗೆ ಹೊಂದುವುದಿಲ್ಲ. ಅದಕ್ಕೆಂದೇ ಪ್ರತಿ ಸಲ ಒಂದೇ ತೂಕದ ಕಾಫಿಯನ್ನು, ಒಂದೇ ಎತ್ತರದಿಂದ, ಆಲಿಕೆಯ ಮೂಲಕ ಸುರಿಯಬೇಕು. ಒಳಗೆ ಉಷ್ಣತೆ ಅಳೆಯುವ ಬಿಡಿಭಾಗವನ್ನೂ ಇಡಬೇಕು.

ಮಾದರಿ ತೆಗೆಯುವ ಕ್ರಮ

ಉಪಕರಣ ಸರಿಯೇ ತಪ್ಪೇ ಎಂದು ತಿಳಿಯಲು ನಂಬಬಹುದಾದ ಇನ್ನೊಂದು ಅಳತೆ ಬೇಕು. ಅದು ಪ್ರಯೋಗಾಲಯದ ಒಣಗಿಸುವ ಪೆಟ್ಟಿಗೆ. ಮಾದರಿಯನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ, ಮತ್ತೆ ತೂಗಬೇಕು. 100 ಗ್ರಾಂ ಇದ್ದದ್ದು 88 ಗ್ರಾಂ ಆದರೆ ತೇವ ಶೇಕಡಾ 12. ಹೆಚ್ಚಿನ ಕಾಲೇಜುಗಳಲ್ಲಿ ಈ ಅನುಕೂಲ ಇರುತ್ತದೆ. ಸಲಹೆ ಬೇಕಾದರೆ ಬಾಳೆಹೊನ್ನೂರಿನ ಬಳಿ 1925ರಿಂದ ಇರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರನ್ನು ಕೇಳಬಹುದು. ಅಡಿಕೆಯ ವಿಷಯಕ್ಕಾದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಅದರ ವಿಟ್ಲದ ಕೇಂದ್ರವೂ ಇವೆ.

ಮಾದರಿಗಳನ್ನು ತೆಗೆಯುವುದು ಮಾತ್ರ ನಮ್ಮ ಕಣದಲ್ಲೇ, ಕೊಯ್ಲಿನ ಹಂಗಾಮಿನಲ್ಲೇ ಆಗಬೇಕು. ಕ್ರಮ ಹೀಗಿರಲಿ.

1. ಕಣದಲ್ಲಿ ಒಂದು ರಾಶಿಯನ್ನು ಗುರುತಿಸಿ. ತೊಳೆದ ಪಾರ್ಚ್‌ಮೆಂಟಿನಲ್ಲಿ ಮೊದಲ ದಿನ ಅರ್ಧದಷ್ಟು ನೀರೇ ಇರುತ್ತದೆ. ಅಷ್ಟು ಒದ್ದೆಯನ್ನು ಈ ಬಗೆಯ ಉಪಕರಣ ಸರಿಯಾಗಿ ಓದುವುದಿಲ್ಲ. ಶೇಕಡಾ 20ರ ಸುಮಾರಿಗೆ ಬಂದ ಮೇಲೆ, ಪೂರ್ತಿ ಒಣಗಿ ಇನ್ನೂ ಎರಡು ದಿನ ಕಳೆಯುವವರೆಗೆ ಮಾದರಿ ತೆಗೆಯಿರಿ. ಹೆಚ್ಚು ಒಣಗಿದ ಕಾಫಿಯ ಮಾದರಿಯೂ ಬೇಕು.

2. ದಿನವೂ ಬೆಳಿಗ್ಗೆ ಒಂದೇ ಹೊತ್ತಿನಲ್ಲಿ, ರಾಶಿಯ ಐದು ಕಡೆಯಿಂದ ಹಿಡಿಹಿಡಿ ತೆಗೆದು ಬೆರೆಸಿ, ಗಾಳಿಯಾಡದ ಬಾಟಲಿಗೆ ತುಂಬಿ. ಬಾಟಲಿಯ ಮೇಲೆ ತಳಿ, ದಿನಾಂಕ, ಗಂಟೆ ಬರೆಯಿರಿ.

3. ಬಾಟಲಿಯನ್ನು ಒಂದು ರಾತ್ರಿ ಹಾಗೇ ಇಡಿ. ಕಾಳಿನೊಳಗೂ ಹೊರಗೂ ತೇವ ಸಮನಾಗಲಿ, ಬಿಸಿ ಆರಲಿ. ಮಾರನೆಯ ದಿನ ಮೂರು ಸಲ ಅಳೆಯಿರಿ, ಪ್ರತಿ ಸಲವೂ ಲೋಟ ಖಾಲಿ ಮಾಡಿ ಮತ್ತೆ ತುಂಬಿರಿ. ನಂತರ ಅದೇ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯಿರಿ.

4. ಮೂರರಲ್ಲಿ ಒಂದು ಪಾಲು ಮಾದರಿಗಳನ್ನು ಬೇರೆ ಇಡಿ. ಉಳಿದವುಗಳಿಂದ ಉಪಕರಣವನ್ನು ಹೊಂದಿಸಿದ ಮೇಲೆ, ಬೇರೆ ಇಟ್ಟವುಗಳ ಮೇಲೆ ಪರೀಕ್ಷಿಸಿ. ಹೊಂದಿಸಿದ ಮಾದರಿಯ ಮೇಲೇ ಪರೀಕ್ಷೆ ಮಾಡುವುದು, ಉತ್ತರ ನೋಡಿಕೊಂಡು ಪರೀಕ್ಷೆ ಬರೆದಂತೆ.

5. ಎಲ್ಲವನ್ನೂ ಒಂದೇ ನೋಟುಪುಸ್ತಕದಲ್ಲಿ ಬರೆಯಿರಿ. ತಪ್ಪಿದ ಅಂಕಿಯನ್ನು ಹೊಡೆದುಹಾಕಬೇಡಿ. ಏಕೆ ತಪ್ಪಿತೆಂದು ಪಕ್ಕದಲ್ಲಿ ಬರೆಯಿರಿ.

ಈ ಐದೂ ಕೆಲಸಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ. ಎರಡು ಮೂರು ವಾರಗಳ ಕಾಲ ದಿನವೂ ಕಣದಲ್ಲಿ ಒಬ್ಬರು ಇರಬೇಕು, ಅಷ್ಟೆ. ವಿದ್ಯಾರ್ಥಿ ತರಗತಿ ಬಿಟ್ಟು ಅಷ್ಟು ದಿನ ಇರಲಾರ. ಬಾಟಲಿ ತುಂಬಿಡುವ ಕೆಲಸವನ್ನು ನಮ್ಮ ರೈಟರೋ ಮನೆಯವರೋ ಮಾಡಿದರೆ ಶನಿವಾರ ಭಾನುವಾರ ಮಕ್ಕಳು ಬಂದು ಅಳೆದುಕೊಳ್ಳಬಹುದು. ಯಂತ್ರ ಇನ್ನೂ ಪೂರ್ತಿ ಸಿದ್ಧವಾಗದಿದ್ದರೂ ಚಿಂತೆಯಿಲ್ಲ. ಡಿಸೆಂಬರಿನ ಹೊತ್ತಿಗೆ ಹಲಗೆಯ ಮೇಲೆ ಕಟ್ಟಿದ ಅರ್ಧಂಬರ್ಧ ಯಂತ್ರವಿದ್ದರೂ ಸಾಕು. ಪೆಟ್ಟಿಗೆಯ ಅಂದವನ್ನು ಏಪ್ರಿಲ್‌ನಲ್ಲಿ ಮಾಡಿಕೊಳ್ಳಬಹುದು. ಒಣಗುವ ಕಾಫಿಯನ್ನು ಏಪ್ರಿಲ್‌ನಲ್ಲಿ ತರಲಾಗುವುದಿಲ್ಲ.

ತೀರ್ಪುಗಾರರ ಮುಂದೆ

ಸ್ಪರ್ಧೆಯ ದಿನಕ್ಕೆ ಕೆಲವು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಬೇಕು. ಇದನ್ನು ಯಾರು ಬಳಸುತ್ತಾರೆ? ಈಗ ಅವರು ಏನು ಮಾಡುತ್ತಿದ್ದಾರೆ? ಅಂಗಡಿಯಲ್ಲಿ ಸಿಗುವ ಉಪಕರಣಕ್ಕಿಂತ ಇದು ಯಾವುದರಲ್ಲಿ ಮೇಲು? ಎಷ್ಟರಮಟ್ಟಿಗೆ ತಪ್ಪುತ್ತದೆ? ಕರೆಂಟ್ ಇಲ್ಲದಾಗ ಏನು? ಕೆಳಗೆ ಬಿದ್ದರೆ, ನೀರು ತಾಗಿದರೆ ಏನು? ತೋಟದ ಕರೆಂಟು ಮಳೆಗಾಲದಲ್ಲಿ ಹೇಗಿರುತ್ತದೆಂದು ನಮಗೆ ಗೊತ್ತು, ನಗರದ ಕಾಲೇಜಿನಲ್ಲಿ ಓದುವ ಹುಡುಗನ ಜೊತೆಗಾರರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಹೊರಡುವ ಹಿಂದಿನ ವಾರ ಮಕ್ಕಳನ್ನು ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಬೆಳೆಗಾರರೇ ಕೇಳಬೇಕು. ಕಾಫಿ ವ್ಯಾಪಾರಿಯ ಎದುರು ನಾವು ಹೇಗೆ ಪಟ್ಟು ಹಿಡಿದು ಕೇಳುತ್ತೇವೆಯೋ ಹಾಗೆ ಕೇಳಬೇಕು.

ಉಪಕರಣ ಬಳಸುವವರು ನಮ್ಮ ಕಣದ ಕೆಲಸಗಾರರು ಎಂಬುದನ್ನೂ ಮರೆಯಬಾರದು. ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಓಡಿದರೆ ಪ್ರಯೋಜನವಿಲ್ಲ. ಮೂರು ದೀಪ ಸಾಕು: ಇನ್ನೂ ಒಣಗಬೇಕಾದರೆ ಕೆಂಪು, ಮೂಟೆ ಕಟ್ಟಬಹುದಾದರೆ ಹಸಿರು, ಹೆಚ್ಚು ಒಣಗಿದ್ದರೆ ಹಳದಿ. ಕಣ ಕಾಯುವವರ ಕೈಗೆ ಒಂದು ದಿನ ಕೊಟ್ಟು, ಏನೂ ಹೇಳಿಕೊಡದೆ ದೂರ ನಿಂತು ನೋಡಿದರೆ, ಎಲ್ಲಿ ತೊಡಕಿದೆಯೆಂದು ತಾನಾಗಿ ತಿಳಿಯುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಹಣ ಕೊಟ್ಟರೆ ಸಿದ್ಧ ಪ್ರಾಜೆಕ್ಟ್ ಮಾಡಿಕೊಡುವವರು ನಗರಗಳಲ್ಲಿದ್ದಾರೆ. ಮಗನಿಗೆ ಕಷ್ಟವಾಗದಿರಲೆಂದು ಹಣ ಕೊಟ್ಟುಬಿಡುವ ಮನಸ್ಸು ಬರುತ್ತದೆ. ಹಾಗೆ ಕೊಂಡ ಪೆಟ್ಟಿಗೆಯ ಮುಂದೆ ನಿಂತ ಮಗುವಿಗೆ ಎರಡನೆಯ ಪ್ರಶ್ನೆಗೆ ಉತ್ತರ ಬರುವುದಿಲ್ಲ. ನಾಳೆ ಕೆಲಸದ ಸಂದರ್ಶನದಲ್ಲೂ ಅದೇ ಪ್ರಶ್ನೆ ಕೇಳುತ್ತಾರೆ. ಆ ಹಣದ ಬದಲು ನಿಮ್ಮ ಕಣದ ಒಂದು ಮೂಲೆಯನ್ನು ಕೊಡಿ.

ಮರುವರ್ಷ

ಮೊದಲು ಹೇಳಿದ ಕಥೆಗೆ ಮುಂದುವರಿಕೆ ಇದೆ. ಮರುವರ್ಷ ಅದೇ ಕಾಲೇಜಿನ ಕಿರಿಯ ವಿದ್ಯಾರ್ಥಿಗಳು ಅದೇ ವಿಷಯವನ್ನು ಎತ್ತಿಕೊಂಡರು. ನೆರೆಯ ಹುಡುಗಿಯೇ ಅವರನ್ನು ನನ್ನ ಬಳಿಗೆ ಕಳುಹಿಸಿದ್ದಳು. ಈ ಸಲ ಡಿಸೆಂಬರ್ ಎರಡನೆಯ ವಾರದಲ್ಲೇ ಬರಲು ಹೇಳಿದೆ. ಕಣದ ಪೂರ್ವದ ಮೂಲೆಯಲ್ಲಿ ಹತ್ತಡಿ ಜಾಗ ಅವರದೆಂದು ಸುಣ್ಣದ ಗೆರೆ ಹಾಕಿಸಿದೆ. ಬಾಟಲಿ ತುಂಬುವ ಕೆಲಸ ನನ್ನ ಹೆಂಡತಿ ವಹಿಸಿಕೊಂಡಳು. ಒಂದು ದಿನವೂ ತಪ್ಪಿಸಲಿಲ್ಲ.

ಆರನೆಯ ದಿನ ಅಕಾಲದ ಮಳೆ ಹನಿಯಿತು. ಟಾರ್ಪಾಲ್ ಎಳೆಯುವಷ್ಟರಲ್ಲಿ ಅವರ ರಾಶಿಯ ಒಂದು ಪಕ್ಕ ನೆನೆದುಹೋಯಿತು. ಆ ಶನಿವಾರ ಬಂದ ಮಕ್ಕಳು ಮುಖ ಸಣ್ಣದು ಮಾಡಿಕೊಂಡರು. ಆದರೂ ನೆನೆದ ಕಾಫಿಯನ್ನೇ ಅಳೆದು ನೋಡಿದರು. ಕಾಳಿನ ಮೇಲ್ಮೈ ಮಾತ್ರ ಒದ್ದೆಯಾಗಿದ್ದಾಗ ಉಪಕರಣ ತೇವವನ್ನು ಇರುವುದಕ್ಕಿಂತ ಬಹಳ ಹೆಚ್ಚಾಗಿ ತೋರಿಸುತ್ತಿತ್ತು. ಒಂದು ರಾತ್ರಿ ಬಾಟಲಿಯಲ್ಲಿಟ್ಟ ಮೇಲೆ ಅಂಕಿ ಸರಿಹೋಯಿತು. ಅದನ್ನು ಹಾಗೆಯೇ ಬರೆದಿಟ್ಟರು. “ಮಳೆ ಬಿದ್ದ ದಿನ ಅಳೆಯಬಾರದು, ಮಾರನೆಯ ದಿನ ಅಳೆಯಬೇಕು” ಎಂಬ ಚೀಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಕನ್ನಡದಲ್ಲಿ ಅಂಟಿಸಿದರು. ಸ್ಪರ್ಧೆಯಲ್ಲಿ ತೀರ್ಪುಗಾರರು ಹೆಚ್ಚು ಹೊತ್ತು ನಿಂತದ್ದು ಆ ಚೀಟಿಯ ಮುಂದೆಯಂತೆ.

ಮೊದಲ ಬಹುಮಾನ ಬರಲಿಲ್ಲ. ಆದರೆ ಆ ಪೆಟ್ಟಿಗೆ ಕಾಲೇಜಿನ ಮೂಲೆ ಸೇರಲಿಲ್ಲ. ಈಗಲೂ ನಮ್ಮ ಗೋದಾಮಿನ ಗೂಡಿನಲ್ಲಿದೆ. ಮೂಟೆ ಕಟ್ಟುವ ಮುಂಚೆ ಒಮ್ಮೆ ಅದರಲ್ಲಿ ನೋಡುತ್ತೇವೆ, ಒಮ್ಮೆ ಕಿವಿಯ ಹತ್ತಿರ ಕುಲುಕಿ ನೋಡುತ್ತೇವೆ. ಎರಡೂ ಒಂದೇ ಮಾತು ಹೇಳಿದರೆ ಹೊಲಿಗೆ ಹಾಕುತ್ತೇವೆ. ನೆರೆಯ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಬಂದಾಗ ಕಿರಿಯರ ನೋಟುಪುಸ್ತಕವನ್ನು ತಿರುವಿ ಹಾಕಿದಳು. ಶೇಕಡಾ 14.2 ಎಂದು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು, “ನಮಗೆ ಬೇಕಾಗಿದ್ದಿದ್ದು ಇದೇ ದೊಡ್ಡಪ್ಪ” ಎಂದಳು. ನಾನು ಏನೂ ಹೇಳಲಿಲ್ಲ.

ಸದಸ್ಯ ಬಾಂಧವರಲ್ಲಿ ನನ್ನ ಕೋರಿಕೆ ಇಷ್ಟು. ಮಳೆ ಹಿಡಿಯುವ ಮುಂಚೆಯೇ, ನಿಮ್ಮ ಮನೆಯ ಅಥವಾ ನೆರೆಯ ಮಕ್ಕಳಲ್ಲಿ ಕಡೆಯ ವರ್ಷಕ್ಕೆ ಹೋಗುವವರು ಯಾರೆಂದು ಕೇಳಿ ತಿಳಿಯಿರಿ. ತೋಟದಲ್ಲಿ ನಿಮಗೆ ನಷ್ಟವಾಗುವ ಒಂದು ಸಂಗತಿಯನ್ನು ಅವರಿಗೆ ತೋರಿಸಿ, ತೂಕವನ್ನೋ ದಿನವನ್ನೋ ರೂಪಾಯಿಯನ್ನೋ ಲೆಕ್ಕದಲ್ಲಿ ಹೇಳಿ. ಆ ಕೆಲಸ ಯಾವ ತಿಂಗಳಲ್ಲಿ ನಡೆಯುತ್ತದೆಂದು ಅವರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಆ ತಿಂಗಳು ಬಂದಾಗ, ಎಷ್ಟೇ ಗಡಿಬಿಡಿಯಿದ್ದರೂ, “ಆಮೇಲೆ ಬಾ” ಎನ್ನಬೇಡಿ.